ನನ್ನ ಕಿವಿಯ ಎತ್ತರಕ್ಕೆ

ನಮ್ಮ ಹಿತ್ತಲ ತೆಂಗಿನ ಮರಕ್ಕೆ ಯಾವ ಹುಳುವೂ ಬಿದ್ದಿರಲಿಲ್ಲ. ನಮ್ಮಪ್ಪನೇ ಉಳಿ ಹಿಡಿದು ಅದಕ್ಕೆ ತೂತು ಕೊರೆದ. ಆ ತೂತಿನ ಮೇಲೆ ನನ್ನ ಕಿವಿ ಇಡಿಸಿದ. ಕೇಳಿಸಿದ್ದನ್ನು ನಾನು ಹೇಳಿದೆ, ಮರ ಹೋಯಿತು, ಮರದ ಜೊತೆಗೆ ನಮ್ಮತ್ತೆಯೂ ಹೋದಳು. ನಡೆದದ್ದು ಇಷ್ಟೇ. ನಮ್ಮ ನೆಂಟರು ಇವತ್ತಿಗೂ ಇದನ್ನು ಬೇರೆ ಥರ ಹೇಳುತ್ತಾರೆ. ಮರಕ್ಕೆ ವಯಸ್ಸಾಗಿತ್ತಂತೆ, ಗಾಳಿಗೆ ಪಕ್ಕದ ಮನೆಯ ಮೇಲೆ ಬೀಳುವ ಹಾಗಿತ್ತಂತೆ, ಅತ್ತೆಗೆ ಗಂಡನ ಮನೆಯ ಕಡೆ ಮನಸ್ಸಾಗಿ ತಾನಾಗಿಯೇ ಹೊರಟಳಂತೆ. ಹೇಳಿಕೊಳ್ಳಲಿ. ಮರಕ್ಕೆ ಕಿವಿ ಇಟ್ಟವಳು ನಾನು, ಅವರಲ್ಲ.

ಈಗಲೂ ಮರ ಬಡಿದು ನೋಡಲು ನನ್ನನ್ನು ಕರೆಯುತ್ತಾರೆ. ದೇವನಹಳ್ಳಿ ಕಡೆ ಹೊಲಗಳನ್ನೆಲ್ಲ ಸೈಟು ಮಾಡಿ ದೊಡ್ಡ ದೊಡ್ಡ ಮನೆ ಕಟ್ಟಿಕೊಂಡಿದ್ದಾರಲ್ಲ, ಅವರು ಕಾರು ಕಳಿಸುತ್ತಾರೆ. ಗೇಟಿನ ಎರಡೂ ಕಡೆ ಸುಣ್ಣ ಬಳಿದ ಕಂಬದ ಹಾಗಿರುವ ನುಣ್ಣನೆಯ ಪಾಮ್ ಮರ ನೆಟ್ಟಿರುತ್ತಾರೆ, ಅದರಿಂದ ಕಾಯೂ ಇಲ್ಲ, ನೆರಳೂ ಇಲ್ಲ. ಹಿಂದುಗಡೆ ಹಳೆಯ ತೋಟದವರು ಬಿಟ್ಟುಹೋದ ಒಂದೋ ಎರಡೋ ತೆಂಗು ಕಾರಿನ ಶೆಡ್ಡಿಗೆ ಅಡ್ಡವಾಗಿ ನಿಂತಿರುತ್ತದೆ. ಕ್ರೇನು, ಮಷಿನ್ ಗರಗಸ ತಂದವರು ಮರವನ್ನು ಅಂಗೈಯಲ್ಲಿ ಒಂದು ಸಲ ತಟ್ಟಿ ಟೊಳ್ಳು ಅಂದುಬಿಡುತ್ತಾರೆ. ಕ್ರೇನು ತಂದವನ ಕೈಗೆ ಗಟ್ಟಿ ಮರ ಸಿಕ್ಕಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಮನೆಯವರಿಗೆ ಅನುಮಾನ ಬಂದರೆ ನನಗೆ ಫೋನು. ನಾನು ಮರದ ಕೊಡತಿ ಹಿಡಿದು ಹೋಗುತ್ತೇನೆ. ನಾಲ್ಕು ದಿಕ್ಕಿನಲ್ಲೂ ಬಡಿಸುತ್ತೇನೆ, ಒಂದೊಂದು ದಿಕ್ಕಿನಲ್ಲೂ ಮೂರು ಎತ್ತರಕ್ಕೆ ಕಿವಿ ಇಡುತ್ತೇನೆ, ಮೇಲಿನದಕ್ಕೆ ಸ್ಟೂಲು ಹತ್ತುತ್ತೇನೆ, ಕಿವಿ ಇಟ್ಟ ಜಾಗವನ್ನೆಲ್ಲ ಮೊಳೆಯಿಂದ ಕೆದಕಿ ನೋಡುತ್ತೇನೆ. ಮೊನ್ನೆ ಒಬ್ಬ ಕ್ರೇನಿನವನಿಗೆ ಕಾದು ಕಾದು ಸಾಕಾಯಿತು.

"ಅಜ್ಜಿ, ಡಾಕ್ಟ್ರೂ ಇಷ್ಟ್ ಕಡೆ ಇಟ್ ನೋಡಲ್ಲ. ಒಂದ್ ಕಡೆ ಕೇಳಿದ್ರೆ ಸಾಲ್ದಾ?"

"ಒಂದೇ ಕಡೆ ಕೇಳಿ ಕೆಟ್ಟೋಳು ಕಣಪ್ಪಾ ನಾನು," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಮರ ಗಟ್ಟಿಯಿತ್ತು, ಕ್ರೇನು ಬಂದ ದಾರಿಯಲ್ಲೇ ವಾಪಸು ಹೋಯಿತು.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗವಿಲ್ಲದ ಮನೆ ನಮ್ಮದೊಂದೇ. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಪಕ್ಕಕ್ಕೆ ಹೊಗೆ ಹಿಡಿದ ಅಡುಗೆಮನೆ, ಕೊನೆಗೆ ಬಚ್ಚಲು, ಬಚ್ಚಲಾಚೆ ಹಿತ್ತಲು. ಬೇರೆಯವರ ನಡುಮನೆಯಲ್ಲಿ ಮಗ್ಗ ಇದ್ದ ಜಾಗದಲ್ಲಿ ನಮ್ಮಲ್ಲಿ ಹಗ್ಗ ಇತ್ತು. ತೊಲೆಗೆ ಹೊಡೆದ ಗೂಟಗಳಲ್ಲಿ ತೋಳು ದಪ್ಪದ್ದು, ಹೆಬ್ಬೆರಳು ದಪ್ಪದ್ದು, ಕಾಲಿಗೆ ಹಾಕಿಕೊಂಡು ಮರ ಹತ್ತುವ ಹಗ್ಗದ ಬಳೆ, ಎಲ್ಲ ಸಾಲಾಗಿ ತೂಗುತ್ತಿದ್ದವು. ಮಳೆಗೆ ನೆನೆದರೆ ಅವನ್ನು ಒಲೆಯ ಮುಂದೆ ಒಣಗಿಸಬೇಕು, ಆ ದಿನ ಸಾರಿಗೂ ನಾರಿನ ವಾಸನೆ. ಹಗ್ಗವನ್ನು ದಾಟಬಾರದು ಎನ್ನುವುದು ನಮ್ಮ ಮನೆಯ ಮೊದಲನೆಯ ಪಾಠ. ನೆಲದ ಮೇಲೆ ಸುರುಳಿ ಬಿದ್ದಿದ್ದರೆ ಗೋಡೆಗೆ ಅಂಟಿಕೊಂಡು ಸುತ್ತಿಹೋಗಬೇಕು. ತಪ್ಪಿ ದಾಟಿದರೆ ಅವ್ವನ ಕೈಯಲ್ಲಿ ಏಟು ಬಿದ್ದು, ಆಮೇಲೆ ದಾಟಿದ ಕಾಲಲ್ಲೇ ಹಿಂದಕ್ಕೆ ದಾಟಿ ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಾನು ನಾಲ್ಕನೆಯ ಕ್ಲಾಸಿನವರೆಗೆ ಇಸ್ಕೂಲಿಗೆ ಹೋದೆ. ಅಲ್ಲಿ ಕಲಿತದ್ದಕ್ಕಿಂತ ಆ ಹಗ್ಗಗಳ ನಡುವೆ ಕಲಿತದ್ದು ಹೆಚ್ಚು.

ಮನೆಗಳ ನಡುವೆ ಸಿಕ್ಕಿಕೊಂಡ ತೆಂಗಿನ ಮರಗಳನ್ನು ತೆಗೆಯುವುದು ಅಪ್ಪನ ಕಸುಬು. ಕಡಿಯುವುದು ಅನ್ನುತ್ತಿರಲಿಲ್ಲ, ಇಳಿಸುವುದು ಅನ್ನುತ್ತಿದ್ದ. ಬಯಲಲ್ಲಿ ನಿಂತ ಮರವನ್ನು ಯಾರು ಬೇಕಾದರೂ ಉರುಳಿಸಬಹುದು. ನಮ್ಮ ಬೀದಿಯಂಥ ಕಡೆ ಈ ಕಡೆ ಒಂದು ಮಾಡು, ಆ ಕಡೆ ಇನ್ನೊಂದು ಗೋಡೆ, ಕೆಳಗೆ ಯಾರದೋ ಬಾವಿ. ಬುಡ ಕೊಯ್ಯುವ ಹಾಗೇ ಇಲ್ಲ. ಅಪ್ಪ ತುದಿಗೆ ಹತ್ತಿ ಮೊದಲು ಗರಿ, ಆಮೇಲೆ ಕಾಯಿ, ಆಮೇಲೆ ತಲೆ, ಆಮೇಲೆ ಮೈಯನ್ನು ಮೊಳಮೊಳವಾಗಿ ಕೊಯ್ದು ಒಂದೊಂದೇ ತುಂಡನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದ. ಹಗ್ಗದ ಈ ತುದಿಯನ್ನು ಕಲ್ಲುಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿಯುತ್ತಿದ್ದವನು ಅವ್ವನ ತಮ್ಮ, ಮುನಿರಾಜು ಮಾವ. ಒಂದು ಹೆಂಚು ಒಡೆದರೂ ಅಪ್ಪ ಆ ಮನೆಯಲ್ಲಿ ನೀರು ಕೂಡ ಕುಡಿಯದೆ ಬರುತ್ತಿದ್ದ. ಆ ವರ್ಷಗಳಲ್ಲಿ ಕೈಮಗ್ಗ ಹೋಗಿ ಕರೆಂಟಿನ ಮಗ್ಗ ಬರುತ್ತಿತ್ತು. ಕರೆಂಟಿನ ಮಗ್ಗಕ್ಕೆ ಶೆಡ್ಡು ಬೇಕು, ಶೆಡ್ಡಿಗೆ ಹಿತ್ತಲೇ ಗತಿ, ಪ್ರತಿ ಹಿತ್ತಲಲ್ಲೂ ಬಚ್ಚಲ ನೀರು ಕುಡಿದು ಬೆಳೆದ ತೆಂಗು. ಹಾಗಾಗಿ ಅಪ್ಪನಿಗೆ ಬಿಡುವಿರಲಿಲ್ಲ. ಮರ ಇಳಿಸಿದ ದಿನ ಅದರ ಸುಳಿಯಲ್ಲಿ ಅರ್ಧ ಮನೆಯವರಿಗೆ, ಅರ್ಧ ನಮಗೆ. ಸುಳಿ ಎಂದರೆ ತೆಂಗಿನ ತಲೆಯೊಳಗಿನ ಬೆಳ್ಳನೆಯ ಎಳೆ ತಿರುಳು, ಸೌತೆಕಾಯಿಗಿಂತ ಗರಿಗರಿ, ಎಳನೀರಿಗಿಂತ ಸಿಹಿ. ಒಂದು ಮರ ಅದನ್ನು ಒಂದೇ ಸಲ ಕೊಡುತ್ತದೆ, ಸತ್ತ ದಿನ. ಬೀದಿಯ ಮಕ್ಕಳು ಯುಗಾದಿಗೆ ಸಿಹಿ ತಿಂದರೆ ನಾನು ವಾರಕ್ಕೊಮ್ಮೆ ತಿನ್ನುತ್ತಿದ್ದೆ. ನನ್ನ ಹೊಟ್ಟೆ ತುಂಬಿದ್ದು ಹೀಗೆ, ಇದರಲ್ಲಿ ನಾಚಿಕೆಯೇನಿಲ್ಲ.

ಆದರೆ ಅಪ್ಪ ಕರೆದವರ ಮನೆಯ ಮರವನ್ನೆಲ್ಲ ಇಳಿಸುತ್ತಿರಲಿಲ್ಲ. ಅವನಿಗೊಂದು ಕಟ್ಟಳೆ ಇತ್ತು, ಊರಿಗೆಲ್ಲ ಅದು ಗೊತ್ತಿತ್ತು. ಕಾಯಿ ಬಿಡುವ ಗಟ್ಟಿ ಮರಕ್ಕೆ ಕೊಡಲಿ ತಾಗಿಸುವುದಿಲ್ಲ. ಮೊದಲು ಬಡಿದು ನೋಡುತ್ತಿದ್ದ. ಬಡಿಯುವುದಕ್ಕೆ ಇಬ್ಬರು ಬೇಕು. ಒಬ್ಬರು ಒಂದು ಕಡೆಯಿಂದ ಕೊಡತಿಯಲ್ಲಿ ಹೊಡೆದರೆ ಇನ್ನೊಬ್ಬರು ಎದುರು ಕಡೆ ಮರಕ್ಕೆ ಕಿವಿ ಅಂಟಿಸಿ ಕಣ್ಣು ಮುಚ್ಚಿಕೊಳ್ಳಬೇಕು. ಗಟ್ಟಿ ಮರವಾದರೆ ಪೆಟ್ಟು ನೆಟ್ಟಗೆ ಬಂದು ಕಿವಿಗೆ ಕುಟ್ಟುತ್ತದೆ. ಟೊಳ್ಳಾದರೆ ಒಳಗೇ ಸುತ್ತಾಡಿ ತಡವಾಗಿ ಬರುತ್ತದೆ, ಖಾಲಿ ಗುಡಾಣದಲ್ಲಿ ಮಾತಾಡಿದ ಹಾಗೆ. ಕಿವಿ ಇಟ್ಟವರೇ ಮೊದಲು ಹೇಳಬೇಕು, ಬಡಿದವನು ಆಮೇಲೆ. ಇಬ್ಬರ ಮಾತೂ ಒಂದೇ ಆದರೆ ಮಾತ್ರ ಮರ ಇಳಿಯುತ್ತಿತ್ತು. ದೊಡ್ಡ ಮಗ್ಗದ ಸಾಹುಕಾರರೊಬ್ಬರ ಮನೆಯಲ್ಲಿ ಮರ ಗಟ್ಟಿ ಎಂದು ಹೇಳಿ ಅಪ್ಪ ಹಗ್ಗ ಸುತ್ತಿಕೊಂಡು ಬಂದುಬಿಟ್ಟಿದ್ದ, ಅವರು ಶೆಡ್ಡನ್ನೇ ಓರೆಯಾಗಿ ಕಟ್ಟಿಕೊಂಡರು. ಅದಕ್ಕೇ ಅಪ್ಪ ಟೊಳ್ಳು ಅಂದರೆ ಯಾರೂ ಎರಡನೆಯ ಮಾತಾಡುತ್ತಿರಲಿಲ್ಲ.

ನನಗಿಂತ ಮುಂಚೆ ಕಿವಿ ಇಡುತ್ತಿದ್ದವಳು ಕೆಂಪತ್ತೆ, ಅಪ್ಪನ ಅಕ್ಕ. ಚಿಕ್ಕಂದಿನಲ್ಲಿ ತಾಯಿ ಸತ್ತ ಮೇಲೆ ಅಪ್ಪನನ್ನು ಸಾಕಿದವಳು ಅವಳೇ. ಮದುವೆಯಾಗಿ ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಹೋದಳು, ಗಂಡ ಸತ್ತು ಎರಡೇ ವರ್ಷಕ್ಕೆ ವಾಪಸು ಬಂದಳು. ಬರುವಾಗ ಗಂಡನ ಮನೆಯಿಂದ ಅವಳು ತಂದದ್ದು ಒಂದು ತುರಿಮಣೆ, ಒಂದು ಮೊಳಕೆ ಬಂದ ತೆಂಗಿನಕಾಯಿ. ಆ ಕಾಯನ್ನು ನಮ್ಮ ಬಚ್ಚಲ ಮೋರಿಯ ಬಾಯಲ್ಲಿ ನೆಟ್ಟಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಮಾಡಿಗಿಂತ ಎರಡರಷ್ಟು ಎತ್ತರ. ಅತ್ತೆ ತಮ್ಮನ ಜೊತೆ ಮರ ಬಡಿಯಲು ಹೋಗುತ್ತಿದ್ದಳು, ಉಳಿದ ಹೊತ್ತು ಪಕ್ಕದ ಶೆಡ್ಡಿನಲ್ಲಿ ಮಗ್ಗಗಳ ನಡುವೆ ಕೂತು ನೂಲು ಸುತ್ತುತ್ತಿದ್ದಳು. ಕರೆಂಟಿನ ಮಗ್ಗದ ಸದ್ದು ಅವಳ ಕಿವಿ ತಿಂದುಹಾಕಿತು. ನನಗೆ ಎಂಟು ವರ್ಷವಾದಾಗ ಒಂದು ದಿನ ಅವಳೇ ನನ್ನನ್ನು ನಮ್ಮ ಮರದ ಹತ್ತಿರ ಕರೆದುಕೊಂಡುಹೋಗಿ, ತಲೆ ಹಿಡಿದು ಮರಕ್ಕೆ ಒತ್ತಿ, ತಾನೇ ಬಡಿದು, ಗಟ್ಟಿ ಅಂದರೆ ಹೀಗೆ ಎಂದು ತೋರಿಸಿದಳು. ನಾನು ಗಟ್ಟಿ ಕಲಿತದ್ದೇ ಆ ಮರದಲ್ಲಿ.

ಮನೆಯಲ್ಲಿ ಅತ್ತೆಯ ಜಾಗ ಎಂದರೆ ಆ ಮರವೇ. ನಾನು ಯಾರ ಅನ್ನಾನೂ ಬಿಟ್ಟಿ ತಿಂತಿಲ್ಲ ಎಂದು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ನಿಜವೇ. ಚಟ್ನಿಗೆ, ಸಾರಿಗೆ, ದೇವರಿಗೆ ಅವಳ ಕಾಯಿ. ಒಲೆಗೆ ಅವಳ ಮಟ್ಟೆ. ಗರಿ ಕಡ್ಡಿಯ ಪೊರಕೆ ಕಟ್ಟಿ ಬೀದಿಯಲ್ಲೆಲ್ಲ ಕೊಡುತ್ತಿದ್ದಳು. ಆದರೆ ಕಾಯನ್ನೆಲ್ಲ ಅಟ್ಟಕ್ಕೆ ಹಾಕಿ ಏಣಿಯನ್ನು ತನ್ನ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಅವ್ವ ಒಂದು ಹೋಳು ಕಾಯಿಗೂ ಕೇಳಬೇಕಿತ್ತು. ತುರಿಮಣೆಯ ಮೇಲೆ ಅತ್ತೆಯೇ ಕೂತು, ಇವತ್ತಿಗಿಷ್ಟು ಸಾಕು ಎಂದು ಅರ್ಧ ಹೋಳು ತುರಿದು ಉಳಿದದ್ದನ್ನು ಎತ್ತಿಡುತ್ತಿದ್ದಳು. ಅವ್ವನ ಕಡೆಯೂ ನ್ಯಾಯವಿತ್ತು, ಇಲ್ಲ ಎಂದು ನಾನು ಹೇಳುವುದಿಲ್ಲ. ಒಂದು ದಿನ ಉಪ್ಪುಸಾರಿನ ಖಾರಕ್ಕೆ ಕಾಯಿ ಸಾಲದೆ ಹೋಯಿತು. ಮುದ್ದೆ ತಟ್ಟೆಗೆ ಬಿದ್ದಿತ್ತು, ಅಪ್ಪ ಇನ್ನೂ ಕೈ ಇಟ್ಟಿರಲಿಲ್ಲ.

"ನನ್ ಮನೇಲಿ ಒಂದ್ ಚೂರು ಕಾಯಿಗೆ ನಾನೇ ಕೈಚಾಚ್ಬೇಕು. ಹೆಂಗೈತೆ ನೋಡಿ ನನ್ ಬಾಳು," ಅಂದಳು ಅವ್ವ.

"ಮನೆ ನಿಂದು ಕಣಮ್ಮ, ಕಾಯಿ ನಂದು. ನಿನ್ ಮನೇನ ನಾನ್ ಯಾವತ್ತಾದ್ರೂ ಕೇಳಿದ್ನಾ?" ಅಂದಳು ಅತ್ತೆ.

ಅಪ್ಪ ಇಬ್ಬರ ಮುಖವನ್ನೂ ನೋಡಲಿಲ್ಲ. ಮುದ್ದೆ ಮುರಿದು ನುಂಗಿದ. ಜಗಳದಲ್ಲಿ ಅವನು ಯಾವಾಗಲೂ ಹಾಗೆಯೇ, ಮರದ ಮೇಲಿದ್ದವನ ಹಾಗೆ ಮೇಲಿನಿಂದ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ.

ಆ ವರ್ಷ ಅಪ್ಪ ಒಂದು ಮನೆಯಲ್ಲಿ ತುದಿಯಿಂದ ಎರಡಾಳುದ್ದ ಜಾರಿದ. ಕಾಲಿನ ಹಗ್ಗ ಹಿಡಿದುಕೊಂಡದ್ದರಿಂದ ಉಳಿದ, ಎದೆಯ ಚರ್ಮವೆಲ್ಲ ಕಿತ್ತುಬಂದಿತ್ತು. ಆಮೇಲೆ ಅವನ ಮಂಡಿ ಮರ ಹತ್ತುವ ಮೊದಲೇ ನಡುಗುತ್ತಿತ್ತು. ನಾನು ಕೆಳಗೆ ನಿಂತು ನೋಡುತ್ತಿದ್ದೆ, ನನಗೆ ಗೊತ್ತು. ಆಗಲೇ ಮುನಿರಾಜು ಮಾವ ಮಗ್ಗದ ಮಾತು ತೆಗೆದ. ಹಿತ್ತಲಲ್ಲಿ ಶೆಡ್ಡು ಹಾಕಿದರೆ ಎರಡು ಮಗ್ಗ ಕೂರಿಸಬಹುದು, ಅವನು ನಡೆಸುತ್ತಾನೆ, ಅಪ್ಪ ನೆಲದ ಮೇಲೆ ಕೂತು ಉಣ್ಣಬಹುದು. ಹಿತ್ತಲಿನ ನಟ್ಟನಡುವೆ ಮರ. ಅವ್ವ ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ಇದನ್ನೆಲ್ಲ ವಿವರಿಸಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು ಅಪ್ಪನ ಕಡೆ ತಿರುಗಿದಳು.

"ಮರ ಇರೋವರ್ಗೂ ನಾನಿರ್ತೀನಿ ಕಣಪ್ಪಾ. ಅದು ಬಿದ್ ದಿನ ನಾನೂ ಎದ್ದೋಯ್ತೀನಿ. ಗಟ್ಟಿ ಮರ ನಮ್ ಮನೇಲೇ ಇಳಿಸ್ತೀನಿ ಅನ್ನೋದಾದ್ರೆ ಇಳ್ಸು."

ಅಪ್ಪ ಇಳಿಸುತ್ತೇನೆ ಅನ್ನಲಿಲ್ಲ. ಅನ್ನುವ ಧೈರ್ಯ ಅವನಿಗಿರಲಿಲ್ಲ. ಸಾಕಿದ ಅಕ್ಕನಿಗೆ ಎದುರಾಡಿ, ಊರಿಗೆಲ್ಲ ಹೇಳಿದ ಕಟ್ಟಳೆಯನ್ನು ತಾನೇ ಮುರಿದು, ಬೀದಿಯಲ್ಲಿ ಹೇಗೆ ನಡೆದಾನು. ಆಗ ಸುಮ್ಮನಾದವನು ಒಂದು ತಿಂಗಳು ಸುಮ್ಮನೇ ಇದ್ದ. ಅವನು ಸೋತ ಎಂದು ನಾನು ತಿಳಿದುಕೊಂಡೆ.

ಒಂದು ಸಂಜೆ ನಾನು ಇಸ್ಕೂಲಿಂದ ಬಂದಾಗ ಅಪ್ಪ ಮರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮರದ ಮೈಮೇಲೆ, ನನ್ನ ತಲೆಗಿಂತ ಸ್ವಲ್ಪ ಕೆಳಗೆ, ಕಂದು ನೀರು ಸೋರಿ ಅಂಟಂಟಾಗಿ ಒಣಗಿತ್ತು. ಹುಳು ಬಿದ್ದ ಮರ ಹಾಗೇ ಸೋರುತ್ತದೆ, ನಾನು ಬೇಕಾದಷ್ಟು ನೋಡಿದ್ದೆ. ಇರುವೆ ಸಾಲುಗಟ್ಟಿ ಓಡಾಡುತ್ತಿದ್ದವು. ಅದನ್ನು ಕಂಡೆ, ಆದರೆ ಅದರ ಅರ್ಥ ಯೋಚಿಸಲಿಲ್ಲ. ಅತ್ತೆ ಶೆಡ್ಡಿನಿಂದ ಬಂದು ಸೋರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಡಿದು ನೋಡೋಣ ಅಕ್ಕ ಎಂದು ಅಪ್ಪ ಅಂದ. ಅವನು ನಿಧಾನಕ್ಕೆ ಎರಡು ಸಲ ಹೇಳಿದ ಮೇಲೆ ಅವಳಿಗೆ ಕೇಳಿಸಿತು.

"ನಿನ್ ಮಾತು ಬೇಡ. ಅಮ್ಮಣ್ಣಿ ಮಾತೂ ಬೇಡ," ಅಂದಳು. ಅಮ್ಮಣ್ಣಿ ಎಂದರೆ ನಮ್ಮವ್ವ. "ನಂಜಿ ಕೇಳ್ಲಿ. ನಂಜಿ ಏನಂದ್ರೂ ಒಪ್ಕೋತೀನಿ."

ಅಪ್ಪ ನನ್ನನ್ನು ಮರದ ಪಶ್ಚಿಮಕ್ಕೆ ನಿಲ್ಲಿಸಿದ. ಭುಜ ಹಿಡಿದು ಒಂದು ಹೆಜ್ಜೆ ಎಡಕ್ಕೆ ಸರಿಸಿದ, ಗದ್ದವನ್ನು ಒಂದಿಷ್ಟು ಎತ್ತಿದ. ಯಾವ ಮರದ ಹತ್ತಿರವೂ ಅವನು ಹಾಗೆ ನನ್ನನ್ನು ಹಿಡಿದು ನಿಲ್ಲಿಸಿದವನಲ್ಲ. ಅಕ್ಕರೆ ಎಂದುಕೊಂಡೆ. ಆಚೆ ಕಡೆ ಹೋಗಿ ಬಡಿದ. ಪೆಟ್ಟು ಒಳಗೆ ಸುತ್ತಾಡಿ ತಡವಾಗಿ ಬಂತು. ನಾನು ಗಟ್ಟಿ ಕಲಿತ ಮರ ಗುಡಾಣದ ಹಾಗೆ ಮಾತಾಡಿತು. ಇನ್ನೊಂದು ಸಲ ಬಡಿ ಅಂದೆ. ಬಡಿದ. ಅದೇ. ಮೂರನೆಯ ಸಲವೂ ಅದೇ. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದಳು, ಅವಳು ಅಷ್ಟು ಹೊತ್ತಿಗೆ ಮಾತನ್ನು ತುಟಿಯಲ್ಲಿ ಓದುತ್ತಿದ್ದಳು. ಟೊಳ್ಳು ಅಂದೆ. ಅಪ್ಪನೂ ಟೊಳ್ಳು ಅಂದ. ಅತ್ತೆ ತಲೆಯಾಡಿಸಿ, ಸೆರಗಿನಲ್ಲಿ ನನ್ನ ಕಿವಿಗೆ ಅಂಟಿದ್ದ ಜಿಗುಟನ್ನು ಒರೆಸಿ, ಮುದ್ದೆಗೆ ಎಸರಿಡಲು ಒಳಗೆ ಹೋದಳು.

ಮರ ಇಳಿಸುವ ದಿನದ ಶಾಸ್ತ್ರವನ್ನು ಅವಳೇ ಮಾಡಿದಳು. ಬುಡಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಅರಿಶಿನದ ದಾರ ಕಟ್ಟಿ, ಒಂದು ಲೋಟ ಹಾಲು ಹುಯ್ದು, ತಪ್ಪಾಯ್ತು ಎಂದು ಮರಕ್ಕೆ ಕೈಮುಗಿದಳು. ಯಾರ ಮನೆಯಲ್ಲೇ ಆಗಲಿ ತಪ್ಪಾಯ್ತು ಅನ್ನಬೇಕಾದದ್ದು ಇಳಿಸುವವನು. ಅಪ್ಪ ಹಗ್ಗ ಬಿಡಿಸುವ ನೆಪದಲ್ಲಿ ತಿರುಗಿ ನಿಂತಿದ್ದ, ಅದಕ್ಕೆ ಅವಳೇ ಅಂದಳು. ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು. ತುರಿಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಅವ್ವ ಊಟ ಮಾಡಿಕೊಂಡು ಹೋಗಿ ಅಕ್ಕ ಅಂದಳು, ಅತ್ತೆಗೆ ಅದು ಕೇಳಿಸಿತೋ ಇಲ್ಲವೋ. ಬಸ್ಸಿನವರೆಗೆ ಹೋದವಳು ನಾನೊಬ್ಬಳೇ.

"ಕಿವಿ ಜೋಪಾನ ಕಣೇ," ಅಂದಳು. "ಮಗ್ಗದ್ ಮನೇಲಿ ಕೂತು ಹಾಳ್ಮಾಡ್ಕೋಬೇಡ. ನಿನ್ ಕಿವಿ ಸುಳ್ಳೇಳಲ್ಲ."

ಬಸ್ಸು ಹೋಯಿತು. ಹನ್ನೊಂದು ವರ್ಷದ ಹುಡುಗಿಗೆ ಆ ಮಾತು ಬಹುಮಾನದ ಹಾಗೆ ಇತ್ತು. ಅಳುತ್ತಲೇ ಒಂದು ಕಡೆ ಹೆಮ್ಮೆಯಿಂದ ಮನೆಗೆ ಬಂದೆ.

ಬರುವ ಹೊತ್ತಿಗೆ ಮರಕ್ಕೆ ತಲೆ ಇರಲಿಲ್ಲ. ದಿನವೆಲ್ಲ ತುಂಡು ಇಳಿಯಿತು. ಇಳಿದ ತುಂಡುಗಳನ್ನು ಗೋಡೆಯ ಪಕ್ಕಕ್ಕೆ ಉರುಳಿಸಿ ಸಾಲಾಗಿ ಇಡುವುದು ಯಾವಾಗಲೂ ನನ್ನ ಕೆಲಸ. ಮೇಲಿನ ತುಂಡುಗಳು ಗಟ್ಟಿ ಇದ್ದವು, ಅದು ಸಹಜ, ಹುಳು ಕೆಳಗೆ ಬಿದ್ದಿತ್ತಲ್ಲ. ಆದರೆ ನಡುವಿನವೂ ಗಟ್ಟಿ. ಸಂಜೆಯ ಹೊತ್ತಿಗೆ ಕೆಳಗಿನವೂ ಬಂದವು, ಕೊಯ್ದ ಮುಖ ಒಂದೇ ಸಮ, ಕೆಂಪಗೆ, ಚುಕ್ಕೆಚುಕ್ಕೆಯಾಗಿ, ಬೆರಳು ಒತ್ತಿದರೆ ಒಂದು ಕಡೆಯೂ ಕುಸಿಯಲಿಲ್ಲ. ನೆಲದಿಂದ ಮೂರನೆಯ ತುಂಡನ್ನು ಉರುಳಿಸುವಾಗ ಅದರ ಮೈಯಿಂದ ಅಂಗೈಯಗಲದ ತೊಗಟೆ ಬಿಲ್ಲೆಯ ಹಾಗೆ ಕಳಚಿ ಬಿತ್ತು. ಒಳಗಿಂದ ನಾರು, ಕಲಸಿದ ಮಣ್ಣು ಉದುರಿತು. ಕೈ ಹಾಕಿದೆ. ಮೊಣಕೈಯ ಹತ್ತಿರದವರೆಗೆ ಹೋಯಿತು. ಬೆರಳಾಡಿಸಿದೆ. ನಾಲ್ಕು ಮೂಲೆ ಸಿಕ್ಕಿತು. ನುಣ್ಣನೆಯ ನಾಲ್ಕು ಗೋಡೆ, ನಾಲ್ಕು ಮೂಲೆ, ಪೆಟ್ಟಿಗೆಯ ಹಾಗೆ. ತುಂಡುಗಳೆಲ್ಲ ಒಂದೊಂದು ಮೊಳ. ನೆಲದಿಂದ ಮೂರನೆಯ ತುಂಡು ಎಂದರೆ ನನ್ನ ಕಿವಿ.

ಅಪ್ಪ ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ. ನಾನು ಕರೆಯಲಿಲ್ಲ, ತುಂಡನ್ನು ಅವನ ಕಾಲ ಹತ್ತಿರಕ್ಕೆ ಉರುಳಿಸಿಕೊಂಡು ಹೋದೆ.

"ಇದೇನಪ್ಪಾ?"

"ಹುಳ."

"ಹುಳ ಚೌಕ ಕೊರೀತದಾ?"

ಅವನು ತಂಬಿಗೆಯಲ್ಲಿದ್ದ ನೀರನ್ನು ನಿಧಾನಕ್ಕೆ ಪಾದದ ಮೇಲೆ ಹುಯ್ದುಕೊಂಡ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ನೋಡಿದ ಕೂಡಲೇ ತಿಳಿಯಿತು, ಅತ್ತೆ ಶೆಡ್ಡಿನಲ್ಲಿ, ನಾನು ಇಸ್ಕೂಲಿನಲ್ಲಿ ಇದ್ದ ಹೊತ್ತಲ್ಲಿ ಹಿತ್ತಲ ಬಾಗಿಲು ಕಾಯ್ದವಳು ಯಾರು ಎಂದು.

"ನಿನ್ ಕೈಲಿ ಸುಳ್ಳು ಹೇಳಿಸ್ಲಿಲ್ಲ ಕಣಮ್ಮಿ ನಾನು," ಅಂದ ಅಪ್ಪ. "ನಿಂಗೆ ಕೇಳಿಸಿದ್ದನ್ನೇ ಹೇಳ್ದೆ. ಪಾಪ ಏನಿದ್ರೂ ನಂದು. ನಿಂಗೆ ತಟ್ಟಲ್ಲ."

ಅವನು ಅದನ್ನು ನಿಜವಾಗಿಯೂ ನಂಬಿದ್ದ. ನನ್ನ ಮೇಲಿನ ಪ್ರೀತಿಯಿಂದ ಅಷ್ಟು ಕಷ್ಟಪಟ್ಟು ಕೊರೆದೆ ಎಂದೇ ಅವನ ಲೆಕ್ಕ. ಸುಳ್ಳು ಹೇಳು ಮಗಾ ಎಂದು ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಏನೋ, ಅಪ್ಪ ಅಲ್ಲವೇ. ಹೇಳಿ ಆಮೇಲೆ ಅತ್ತೆಯ ಕಾಲು ಹಿಡಿಯುತ್ತಿದ್ದೆ. ಅವನು ಕೇಳಲೇ ಇಲ್ಲ. ನನ್ನ ಎತ್ತರವನ್ನು ಅಳೆದ, ಕಿವಿಯ ಜಾಗ ಗುರುತು ಮಾಡಿಕೊಂಡ, ಉಳಿ ತಗೊಂಡ. ಮಗಳನ್ನು ಅಳೆಯುವುದು ಲಂಗ ಹೊಲಿಸುವುದಕ್ಕೆ ಎಂದು ನಾನು ತಿಳಿದಿದ್ದೆ.

ಆವತ್ತಿನ ಊಟಕ್ಕೆ ಸುಳಿ ಇತ್ತು. ಬೇರೆ ಮನೆಯವರ ಪಾಲಿಲ್ಲ, ಪೂರ್ತಿ ಸುಳಿ ನಮ್ಮದೇ. ತುರಿಮಣೆ ಇಲ್ಲದ್ದರಿಂದ ಅವ್ವ ಕಾಯನ್ನು ಚೂರು ಚೂರು ಮಾಡಿ ಒರಳಿಗೆ ಹಾಕಿ ಪಲ್ಯಕ್ಕೆ ಜಜ್ಜಿದಳು. ನನ್ನ ಪಾಲಿನ ಸುಳಿಗೆ ಎಂದಿನ ಹಾಗೆ ಬೆಲ್ಲ ಉದುರಿಸಿ ತಟ್ಟೆಯ ಅಂಚಿಗೆ ಇಟ್ಟಳು. ಆ ಬೆಲ್ಲ ನೋಡಿದ ಮೇಲೆಯೇ ನನಗೆ ಇರುವೆಗಳು ನೆನಪಾದದ್ದು. ನಾನು ಊಟ ಬಿಟ್ಟೆ, ತಟ್ಟೆ ಎಸೆದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ತಿಂದೆ. ಹಸಿದಿದ್ದೆ. ನಾನು ಅದುವರೆಗೆ ತಿಂದ ಸುಳಿಗಳಲ್ಲೆಲ್ಲ ಅದೇ ಸಿಹಿ. ಗಟ್ಟಿ ಮರ, ಇನ್ನೂ ಐವತ್ತು ವರ್ಷ ಬಾಳುವ ಮರ, ಸಿಹಿ ಇರದೆ ಏನು. ಎಷ್ಟೋ ವರ್ಷ ನನಗೆ ಅಪ್ಪನ ಮೇಲಿನ ಸಿಟ್ಟಿನಷ್ಟೇ ಆ ನಾಲಿಗೆಯ ಮೇಲೂ ಸಿಟ್ಟಿತ್ತು.

ಅತ್ತೆಗೆ ಹೇಳಬೇಕು ಎನ್ನುವುದೊಂದೇ ತಲೆಯಲ್ಲಿ. ಎರಡು ವರ್ಷವಾದ ಮೇಲೆ ಹೊಸಕೋಟೆಗೆ ನೆಂಟರ ಮದುವೆಗೆಂದು ಹೋದಾಗ ಅಲ್ಲಿಂದ ಒಬ್ಬಳೇ ಸಮೇತನಹಳ್ಳಿಗೆ ಹೋದೆ. ಮೈದುನನ ಮನೆಯ ಜಗುಲಿಯಲ್ಲಿ ಕೂತು ಪೊರಕೆ ಕಟ್ಟುತ್ತಿದ್ದಳು, ಬೇರೆಯವರ ಮರದ ಗರಿಯಿಂದ. ಅವಳ ಮುಖದ ಮುಂದೆ ಮುಖವಿಟ್ಟು ತೂತಿನ ಕಥೆಯನ್ನೆಲ್ಲ ಹೇಳಿದೆ. ಕಡ್ಡಿ ಕೊಯ್ಯುತ್ತಿದ್ದ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ಕಣೇ. ಹುಳ ಬಿದ್ದಿದ್ರೆ ಹುಳೀ ನಾತ ಬರ್ತದೆ. ಬೆರಳಲ್ ಮುಟ್ಟಿ ಆಮೇಲೆ ನಾಲಿಗೇಗಿಟ್ಟೆ. ಬೆಲ್ಲ."

"ಮತ್ಯಾಕೆ ಸುಮ್ನಿದ್ದೆ?"

"ಬಾಯ್ಬಿಟ್ಟು ಹೋಗು ಅನ್ನೋಕಾಗ್ದೆ ಅಷ್ಟು ಕಷ್ಟಪಟ್ಟವ್ನೆ. ಇನ್ನೇನ್ ಕೇಳೋದು."

ಇದನ್ನು ದೊಡ್ಡತನ ಎಂದು ನನ್ನ ಸೊಸೆ ಅನ್ನುತ್ತಾಳೆ. ನನಗೆ ಹಾಗೆ ಅನ್ನಿಸಿಲ್ಲ. ಮರ ಬಡಿದ ಸಂಜೆಯಿಂದ ಬಸ್ಸು ಹತ್ತುವವರೆಗೆ ಅವಳಿಗೆ ದಿನಗಳಿದ್ದವು. ಒಂದು ಮಾತು ನನ್ನ ಹತ್ತಿರ ಹೇಳಬಹುದಿತ್ತು. ತಮ್ಮನ ಮಾನ ಉಳಿಸಿದಳು, ನನಗೆ ಮಾತ್ರ ನಿನ್ನ ಕಿವಿ ಸುಳ್ಳು ಹೇಳುವುದಿಲ್ಲ ಎಂದು ಹೊಗಳಿ ಹೋದಳು, ಕಿವಿಗೆ ಮೋಸವಾಗಿದೆ ಎಂದು ಗೊತ್ತಿದ್ದೇ. ಇಬ್ಬರೂ ನನ್ನನ್ನು ಪ್ರೀತಿಸುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಇಬ್ಬರೂ ನನ್ನನ್ನು ಕೊಡತಿಯ ಹಾಗೆ, ಹಗ್ಗದ ಹಾಗೆ ಬಳಸಿಕೊಂಡರು. ಹಗ್ಗವನ್ನಾದರೂ ನಮ್ಮ ಮನೆಯಲ್ಲಿ ದಾಟುತ್ತಿರಲಿಲ್ಲ.

ಶೆಡ್ಡು ಎದ್ದಿತು, ಮಗ್ಗ ಬಂತು. ಎರಡೇ ವರ್ಷಕ್ಕೆ ಮುನಿರಾಜು ಮಾವ ಮಗ್ಗಗಳನ್ನು ಬಿಚ್ಚಿಕೊಂಡು ಬೇರೆ ಹೋದ, ಅಪ್ಪ ನಡುಗುವ ಮಂಡಿಯಲ್ಲೇ ಮತ್ತೆ ಮರ ಹತ್ತಿದ. ಇಳಿಸಲು ಅವನನ್ನು ಕೊನೆಯವರೆಗೂ ಕರೆದರು, ಅವನಷ್ಟು ಚೆನ್ನಾಗಿ ಇಳಿಸುವವರು ಇರಲಿಲ್ಲ. ಆದರೆ ಮರ ಗಟ್ಟಿಯೋ ಟೊಳ್ಳೋ ಎಂದು ಆ ವರ್ಷದ ನಂತರ ನಮ್ಮ ಬೀದಿಯಲ್ಲಿ ಯಾರೂ ಅವನನ್ನು ಕೇಳಲಿಲ್ಲ. ಅದಕ್ಕೆ ಕಾರಣ ನಾನೇ. ಸುಳಿ ತಿಂದು ಮಲಗಿ ಎದ್ದ ಬೆಳಿಗ್ಗೆ ನಾನು ಮಾಡಿದ ಕೆಲಸ.

ಬೆಳಕು ಹರಿಯುತ್ತಲೇ ಬೀದಿಯ ನಲ್ಲಿಗೆ ನೀರು ಬರುತ್ತಿತ್ತು. ನಾನು ಹಿತ್ತಲಿಗೆ ಹೋಗಿ ಮೂರನೆಯ ತುಂಡನ್ನು ಸಂದಿಯ ದಾರಿಯಲ್ಲಿ ಬೀದಿಗೆ ಉರುಳಿಸಿದೆ. ಮಟ್ಟಸ ಬೀದಿಯಲ್ಲ, ಎರಡು ಸಲ ಅದು ನನ್ನ ಕಾಲ ಮೇಲೆ ಬಂತು, ಎಡಗಾಲಿನ ಹೆಬ್ಬೆರಳಿನ ಉಗುರು ಆವತ್ತು ಹೋದದ್ದು ಇವತ್ತಿಗೂ ನೆಟ್ಟಗೆ ಬಂದಿಲ್ಲ. ನಲ್ಲಿಯ ಹತ್ತಿರ ಏಳೆಂಟು ಜನ ಹೆಂಗಸರು ಕೊಡ ಸಾಲಿಟ್ಟು ನಿಂತಿದ್ದರು. ತುಂಡನ್ನು ನಲ್ಲಿಯ ಪಕ್ಕದಲ್ಲಿ, ತೂತು ಸಾಲಿನ ಕಡೆ ಮುಖ ಮಾಡುವ ಹಾಗೆ ನೆಟ್ಟಗೆ ನಿಲ್ಲಿಸಿದೆ. ಏನೇ ನಂಜಿ ಇದು ಎಂದು ಒಬ್ಬಳು ಕೇಳಿದಳು. ನಮ್ಮತ್ತೆ ಮರ, ಅಪ್ಪ ಟೊಳ್ಳು ಅಂದಿದ್ದು, ಕೈ ಹಾಕಿ ನೋಡಿ ಅಂದೆ. ಮೊದಲನೆಯವಳು ಬಳೆ ಮೇಲಕ್ಕೆ ಸರಿಸಿ ಕೈ ಹಾಕಿದಳು. ಒಳಗೆ ಬೆರಳಾಡಿಸಿದಳು. ಅವಳ ಮುಖ ಬದಲಾಯಿತು, ಕೈ ತೆಗೆದು ಪಕ್ಕದವಳಿಗೆ ಜಾಗ ಬಿಟ್ಟಳು. ಹಾಗೆ ಒಬ್ಬರ ಹಿಂದೆ ಒಬ್ಬರು ಹಾಕಿದರು. ಹಿಂದಿನ ಮಳೆಗಾಲದಲ್ಲಿ ಅಪ್ಪ ಮರ ಇಳಿಸಿದ್ದ ಮನೆಯ ಹೆಂಗಸು ಕೈಯನ್ನು ಒಳಗೇ ಇಟ್ಟುಕೊಂಡು ನನ್ನ ಕಡೆ ನೋಡಿದಳು.

"ಹಂಗಾದ್ರೆ ನಮ್ ಮನೇದು ನಿಜ್ವಾಗ್ಲೂ ಟೊಳ್ಳಾಗಿತ್ತೇನೇ?"

"ನನ್ ಕಿವೀಗೆ ಟೊಳ್ಳಂತಲೇ ಕೇಳಿಸ್ತು," ಅಂದೆ. "ನಿಮ್ ತುಂಡುಗಳು ನಿಮ್ ಹಿತ್ಲಲ್ಲೇ ಅವಲ್ಲ ಅಕ್ಕ. ಹೋಗಿ ನೋಡ್ಕಳಿ."

ಅವಳು ತುಂಬದ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು. ಬೀದಿಯ ಆ ತುದಿಯಲ್ಲಿ ಅಪ್ಪ ಹೆಗಲಿಗೆ ಹಗ್ಗ ಹಾಕಿಕೊಂಡು ಕೆಲಸಕ್ಕೆ ಹೊರಟವನು ನಮ್ಮ ಬಾಗಿಲಲ್ಲೇ ನಿಂತಿದ್ದ. ಅವನು ನೋಡುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ನಾನು ನಮ್ಮ ಕೊಡವನ್ನು ತಂದು ಸಾಲಿನ ಕೊನೆಯಲ್ಲಿ ಇಟ್ಟೆ. ಸರದಿ ಬಂದಾಗ ನೀರು ಹಿಡಿದೆ, ಕೊಡ ಸೊಂಟಕ್ಕೆ ಎತ್ತಿಕೊಂಡೆ, ಅಪ್ಪನ ಪಕ್ಕದಲ್ಲೇ ಹಾದು ಒಳಗೆ ಹೋಗಿ ಹಂಡೆಗೆ ಸುರಿದೆ. ತುಂಡನ್ನು ನಲ್ಲಿಯ ಹತ್ತಿರವೇ ಬಿಟ್ಟಿದ್ದೆ.